ನೋವನ್ನರಿತ ವೈದ್ಯ: ಡಾ. ಟಿ. ಎಂ. ಎ. ಪೈ

ಉಡುಪಿಯಿಂದ ಬಡಗಣ ದಿಕ್ಕಿಗೆ ಹೊರಟವರಿಗೆ ಸುವರ್ಣಾ ನದಿಯನ್ನು ದಾಟುವ ಮೊದಲು ದೊರೆಯುವ ಊರು ಕಲ್ಯಾಣಪುರ. ತೆಂಗಿನ ತೋಟಗಳು, ಗದ್ದೆಗಳು, ನದಿಯ ಉಪ್ಪುನೀರಿನ ಗಾಳಿ, ದೇವಸ್ಥಾನದ ಗಂಟೆ, ಇಗರ್ಜಿಯ ಗಂಟೆ, ಇವೆಲ್ಲ ಒಂದೆಡೆ ಸೇರಿದ ಹಳೆಯ ಪೇಟೆ ಅದು. ಅಲ್ಲಿಂದ ಪಡುವಣಕ್ಕೆ ನಡೆದರೆ ನದಿಯು ಕಡಲನ್ನು ಸೇರುವ ತೋನ್ಸೆಯ ಸೀಮೆ. ಈ ಕಲ್ಯಾಣಪುರದಲ್ಲಿ 1898ನೆಯ ಇಸವಿ ಏಪ್ರಿಲ್ 30ರಂದು ತೋನ್ಸೆ ಮಾಧವ ಅನಂತ ಪೈ ಜನಿಸಿದರು. ನಾಡಿನ ಜನ ಅವರನ್ನು ಟಿ. ಎಂ. ಎ. ಪೈ ಎಂದೇ ಬಲ್ಲರು. ಬ್ಯಾಂಕು ಕಟ್ಟಿದವರು, ಕಾಲೇಜು ಕಟ್ಟಿದವರು ಎಂದು ಅವರ ಹೆಸರನ್ನು ಹೇಳುವುದು ವಾಡಿಕೆಯಾಗಿದೆ. ಅವರು ಮೊದಲಿಗೆ ವೈದ್ಯರಾಗಿದ್ದರೆಂಬುದು ಮಾತ್ರ ಆ ದೊಡ್ಡ ಕಟ್ಟಡಗಳ ನೆರಳಿನಲ್ಲಿ ಮರೆಯಾಗಿಬಿಡುತ್ತದೆ.

ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹೀಗೆ ಕರಾವಳಿಯ ಬಾಲಕರೆಲ್ಲರಂತೆ ಮಾಧವನೂ ಬೆಳೆದನು. ಅಣ್ಣ ಉಪೇಂದ್ರ ಪೈ ವ್ಯಾಪಾರದಲ್ಲಿ ಚತುರರು. ತಮ್ಮನ ಓದಿಗೂ ಮುಂದಿನ ಸಾಹಸಗಳಿಗೂ ಬೆನ್ನೆಲುಬಾಗಿ ನಿಂತವರು. ಜಿಲ್ಲೆಯ ಶಾಲೆಗಳ ಓದನ್ನು ಮುಗಿಸಿದ ತರುಣ ವೈದ್ಯಶಾಸ್ತ್ರವನ್ನು ಕಲಿಯಲು ಮದರಾಸಿಗೆ ಹೋದನು. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಉಡುಪಿಯವರು ಮಂಗಳೂರಿನವರೆಗೆ ಹೊಳೆಹೊಳೆಗೂ ಕಡವಿನಲ್ಲಿ ದೋಣಿ ಹತ್ತಿಳಿದು, ಅಲ್ಲಿಂದ ರೈಲು ಹಿಡಿದು ಮಲಬಾರಿನ ದಾರಿಯಾಗಿ ಮದರಾಸನ್ನು ಸೇರಬೇಕಾಗಿದ್ದಿತು. ಡಾಕ್ಟರಾಗಬೇಕೆಂಬ ಬಯಕೆಯುಳ್ಳ ಕರಾವಳಿಯ ಹುಡುಗನಿಗೆ ಬೇರೆ ಹತ್ತಿರದ ದಾರಿಯೇ ಇರಲಿಲ್ಲ. ಈ ದೂರವನ್ನು ಟಿ. ಎಂ. ಎ. ಪೈ ಮರೆಯಲಿಲ್ಲವೆಂಬುದಕ್ಕೆ ಅವರ ಮುಂದಿನ ಬಾಳೇ ಸಾಕ್ಷಿ.

ಪದವಿಯನ್ನು ಪಡೆದ ಮೇಲೆ ಹೊರದೇಶಕ್ಕೆ ಹೋಗಿ ವೃತ್ತಿ ನಡೆಸುವ ಹಂಬಲ ಅವರಿಗಿದ್ದಿತೆಂದೂ, ತಾಯಿಯ ಇಚ್ಛೆಯಂತೆ ಊರಿನಲ್ಲೇ ನಿಂತರೆಂದೂ ಹೇಳುತ್ತಾರೆ. ಅಂತೂ 1920ರ ದಶಕದಲ್ಲಿ ಅವರು ಉಡುಪಿಯಲ್ಲಿ ವೈದ್ಯರಾಗಿ ನೆಲೆಸಿದರು. ಸ್ವಿಟ್ಸರ್ಲೆಂಡಿನಿಂದ ಬಂದಿದ್ದ ಡಾ. ಈವಾ ಲೊಂಬಾರ್ಡ್ ಎಂಬ ಮಹಿಳೆ 1923ರಲ್ಲಿ ಉಡುಪಿಯಲ್ಲಿ ಬಾಸೆಲ್ ಮಿಶನ್ನಿನ ಆಸ್ಪತ್ರೆಯನ್ನು ತೆರೆದಿದ್ದರು. ದೊಡ್ಡ ಸರಕಾರಿ ಆಸ್ಪತ್ರೆಯೆಂದರೆ ಮಂಗಳೂರಿನ ವೆನ್ಲಾಕ್. ಅದು ಬಿಟ್ಟರೆ ಹಳ್ಳಿಯ ರೋಗಿಗೆ ನಾಟಿವೈದ್ಯರು, ಹರಕೆ, ಇಲ್ಲವೆ ಪೇಟೆಯಲ್ಲಿ ಕುಳಿತ ಒಬ್ಬಿಬ್ಬರು ಇಂಗ್ಲಿಷ್ ಡಾಕ್ಟರರು.

ಅಂದಿನ ವೈದ್ಯನ ಚೀಲದಲ್ಲಿ ಏನಿದ್ದಿತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದು ಕಷ್ಟ. ಪೆನಿಸಿಲಿನ್ ಇರಲಿಲ್ಲ; ಕ್ಷಯಕ್ಕೆ ಮದ್ದಿರಲಿಲ್ಲ. ಕಾಂಪೌಂಡರನು ಅರೆದು, ಬೆರಸಿ, ಸೀಸೆಗೆ ತುಂಬಿ, ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿ ಹೊತ್ತುಹೊತ್ತಿನ ಪ್ರಮಾಣವನ್ನು ಗುರುತು ಮಾಡಿಕೊಡುತ್ತಿದ್ದ ಮಿಕ್ಸ್ಚರೇ ಮುಖ್ಯ ಔಷಧ. ಹೃದ್ರೋಗಿಯ ವಿಷಯದಲ್ಲಂತೂ ವೈದ್ಯನ ಕೈ ಬಹಳ ಮೋಟು. ಎಳೆಯ ವಯಸ್ಸಿನಲ್ಲಿ ಕೀಲುಜ್ವರ ಬಂದು ಹೃದಯದ ಕವಾಟ ಕೆಟ್ಟವರು ಊರೂರಿನಲ್ಲಿದ್ದರು. ಕಾಲು ಬಾತು, ಮಲಗಿದರೆ ಉಸಿರುಕಟ್ಟಿ, ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತು ಬೆಳಗು ಮಾಡುತ್ತಿದ್ದರು. ಇಂಗ್ಲೆಂಡಿನ ವಿಲಿಯಂ ವಿದರಿಂಗನು 1785ರಲ್ಲಿ ಬರೆದು ತಿಳಿಸಿದ ಡಿಜಿಟಾಲಿಸ್ ಎಂಬ ಸಸ್ಯೌಷಧವು ಅಂಥವರ ಹೃದಯಕ್ಕೆ ಕೊಂಚ ಬಲ ಕೊಡುತ್ತಿದ್ದಿತು. ಹೃದಯದ ರಕ್ತನಾಳ ಕಟ್ಟಿಕೊಂಡು ಎದೆ ಹಿಂಡುವ ಬೇನೆ ಬಂದವನಿಗೆ ಆರು ವಾರ ಹಾಸಿಗೆಯಲ್ಲಿ ಅಲುಗಾಡದೆ ಮಲಗಬೇಕೆಂಬ ಆಜ್ಞೆ. ನಾಳದ ಕಟ್ಟನ್ನು ಬಿಡಿಸುವ ಉಪಾಯವು ಯಾರಿಗೂ ತಿಳಿದಿರಲಿಲ್ಲ.

ಆದುದರಿಂದ ವೈದ್ಯನು ಮಾಡಬಹುದಾಗಿದ್ದ ಉಪಕಾರವೆಂದರೆ ಮೂರು: ನೋವನ್ನು ತಗ್ಗಿಸುವುದು, ಭಯವನ್ನು ಇಳಿಸುವುದು, ನಿದ್ದೆಯನ್ನು ಬರಿಸುವುದು. ಈ ಮೂರೂ ಒಂದಕ್ಕೊಂದು ಹೆಣೆದುಕೊಂಡವು. ಎದೆ ನೋಯುತ್ತಿರುವವನು ಸಾಯುವೆನೆಂದು ಅಂಜುತ್ತಾನೆ, ಅಂಜಿದವನ ನಾಡಿ ಓಡುತ್ತದೆ, ರಕ್ತದ ಒತ್ತಡ ಏರುತ್ತದೆ, ಬಳಲಿದ ಹೃದಯಕ್ಕೆ ಮತ್ತಷ್ಟು ದುಡಿಮೆ ಬೀಳುತ್ತದೆ, ನೋವು ಇಮ್ಮಡಿಯಾಗುತ್ತದೆ. ಈ ಸುಳಿಯನ್ನು ಕತ್ತರಿಸಬಲ್ಲ ಮದ್ದೆಂದರೆ ಮಾರ್ಫೀನ್. ಜರ್ಮನಿಯ ಸೆರ್ಟ್ಯುರ್ನರ್ ಎಂಬ ತರುಣ ಔಷಧಿಕಾರನು ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಫೀಮಿನಿಂದ ಅದನ್ನು ಬೇರ್ಪಡಿಸಿ, ಗ್ರೀಕರ ಕನಸಿನ ದೇವತೆಯಾದ ಮಾರ್ಫಿಯಸನ ಹೆಸರನ್ನು ಅದಕ್ಕಿಟ್ಟನು. ಸೂಜಿಯಿಂದ ಕೊಟ್ಟ ಸ್ವಲ್ಪ ಹೊತ್ತಿಗೆಲ್ಲ ನೋವು ಹಿಂದೆ ಸರಿಯುತ್ತದೆ, ಉಸಿರಿನ ತಲ್ಲಣ ಇಳಿಯುತ್ತದೆ, ಮುಖದ ಗಂಟು ಸಡಿಲುತ್ತದೆ. ಆದರೆ ಅದೇ ಮದ್ದು ಪ್ರಮಾಣ ಮೀರಿದರೆ ಉಸಿರನ್ನೇ ನಿಲ್ಲಿಸಬಲ್ಲದು. ಮೇಲಿಂದ ಮೇಲೆ ಬಳಸಿದರೆ ಚಟವಾಗಬಲ್ಲದು.

ನಿದ್ದೆಗೆ ಬೇರೆ ಮದ್ದುಗಳಿದ್ದವು. ಬ್ರೋಮೈಡ್ ಬೆರೆಸಿದ ಉಪ್ಪುಪ್ಪು ಮಿಕ್ಸ್ಚರ್ ಒಂದು. 1869ರಿಂದ ಬಳಕೆಗೆ ಬಂದ ಕ್ಲೋರಲ್ ಹೈಡ್ರೇಟ್ ಇನ್ನೊಂದು. 1903ರಲ್ಲಿ ಬಾರ್ಬಿಟಾಲ್, 1912ರಲ್ಲಿ ಫಿನೋಬಾರ್ಬಿಟಾಲ್ ಬಂದವು. ಇವೆಲ್ಲವೂ ನಿದ್ದೆಯನ್ನು ತರುತ್ತಿದ್ದವು. ಬ್ರೋಮೈಡು ದೇಹದಲ್ಲಿ ಸಂಗ್ರಹವಾಗಿ ಬುದ್ಧಿಯನ್ನು ಮಂಕು ಮಾಡುತ್ತಿದ್ದಿತು. ಬಾರ್ಬಿಟ್ಯುರೇಟುಗಳಲ್ಲಿ ನಿದ್ದೆಯ ಪ್ರಮಾಣಕ್ಕೂ ಸಾವಿನ ಪ್ರಮಾಣಕ್ಕೂ ನಡುವಣ ಅಂತರ ಕಿರಿದು. ಆಸ್ಪತ್ರೆಯಲ್ಲಾದರೆ ದಾದಿಯೊಬ್ಬಳು ಪಕ್ಕದಲ್ಲಿದ್ದು ಗಳಿಗೆಗೊಮ್ಮೆ ಉಸಿರನ್ನು ಎಣಿಸುವಳು. ಹೊಳೆಯಾಚೆಯ ಮುಳಿಹುಲ್ಲಿನ ಮನೆಯಲ್ಲಿ ಅಂಥ ಮದ್ದನ್ನು ಕೊಟ್ಟು ವೈದ್ಯನು ಕೊನೆಯ ದೋಣಿಗೆ ಹಿಂದಿರುಗುವುದು ಹೇಗೆ? ನೋವು ನೀಗುವ ಮದ್ದಿಗೆ ಕಾವಲಿರಬೇಕು. ಕಾವಲಿಗೆ ಆಸ್ಪತ್ರೆ ಬೇಕು. ಆ ಕಾಲದ ಪ್ರತಿಯೊಬ್ಬ ಹಳ್ಳಿವೈದ್ಯನೂ ಎದುರಿಸಿದ ಕಷ್ಟವಿದು.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದ್ದಿತು. ಮದ್ದಿಗೆ ಕೊಡಲು ರೋಗಿಯ ಬಳಿ ಕಾಸಿರಲಿಲ್ಲ. ಕರಾವಳಿಯ ಕೈಮಗ್ಗಗಳು ಆಗ ಕೆಟ್ಟ ದೆಸೆಯಲ್ಲಿದ್ದವು. ನೇಕಾರರ ಮನೆಗಳಲ್ಲಿ ಒಲೆ ಉರಿಯುವುದೇ ದುಸ್ತರವಾಗಿದ್ದಿತು. ಹೊಟ್ಟೆಗಿಲ್ಲದವನಿಗೆ ಬಲವರ್ಧಕವನ್ನು ಬರೆದುಕೊಡುವುದರಲ್ಲಿ ಅರ್ಥವಿಲ್ಲವೆಂಬುದು ವೈದ್ಯರಾದ ಪೈಯವರಿಗೆ ಬೇಗನೆ ತಿಳಿದುಹೋಯಿತು. 1925ರಲ್ಲಿ ಅಣ್ಣ ಉಪೇಂದ್ರ ಪೈ, ಇಂಜಿನಿಯರರಾದ ವಾಮನ ಕುಡ್ವ ಹಾಗೂ ಟಿ. ಎಂ. ಎ. ಪೈ, ಈ ಮೂವರು ಸೇರಿ ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ನೇಕಾರರಿಗೂ ಸಣ್ಣ ಕಸುಬಿನವರಿಗೂ ನೆರವಾಗುವುದು ಅದರ ಉದ್ದೇಶವಾಗಿದ್ದಿತು. ಹಾಜಿ ಅಬ್ದುಲ್ಲಾ ಸಾಹೇಬರು ಮೊದಲಾದವರು 1906ರಲ್ಲಿಯೇ ಇದೇ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕಿಗೆ ಅಡಿಗಲ್ಲನ್ನಿಟ್ಟಿದ್ದರಾದ್ದರಿಂದ ಬ್ಯಾಂಕು ಊರಿಗೆ ಹೊಸದಾಗಿರಲಿಲ್ಲ. ಹೊಸದಾಗಿದ್ದುದು 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ. ಬ್ಯಾಂಕಿನ ಪ್ರತಿನಿಧಿಯು ದಿನದಿನವೂ ಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಹಣವನ್ನು ಸಹ ಪಡೆದು ಚೀಟಿ ಕೊಟ್ಟು ಹೋಗುವನು. ಮೀನು ಮಾರುವಾಕೆ, ಬೀಡಿ ಕಟ್ಟುವಾಕೆ, ಗಾಡಿ ಹೊಡೆಯುವವನು, ಯಾರೂ ಬ್ಯಾಂಕಿನ ಮೆಟ್ಟಿಲನ್ನು ಹತ್ತಬೇಕಾಗಿರಲಿಲ್ಲ. ಮದ್ದನ್ನು ಸಣ್ಣ ಪ್ರಮಾಣದಲ್ಲಿ, ತಪ್ಪದೆ, ಹೊತ್ತುಹೊತ್ತಿಗೆ ಕೊಡಬೇಕೆಂಬ ವೈದ್ಯರ ನಿಯಮವೇ ಇಲ್ಲಿ ಹಣದ ವಿಷಯಕ್ಕೆ ಇಳಿದಂತೆ ತೋರುತ್ತದೆ. ಹೀಗೆ ಕೂಡಿದ ಚಿಲ್ಲರೆ ಕಾಸು ಮಗಳ ಮದುವೆಗೋ, ಮನೆಯ ಮಾಡಿಗೋ, ಅಕಾಲದ ಕಾಯಿಲೆಗೋ ಒದಗುತ್ತಿದ್ದಿತು. ಬ್ಯಾಂಕಿನ ಹೊಣೆ ಬೆಳೆದಂತೆ ಪೈಯವರ ವೈದ್ಯವೃತ್ತಿ ಹಿಂದೆ ಸರಿಯಿತು. ವೈದ್ಯನ ಮನಸ್ಸು ಹಿಂದೆ ಸರಿಯಲಿಲ್ಲ.

ಉಡುಪಿಯ ಮೂಡಣಕ್ಕೆ ಮೂರು ಮೈಲಿ ದೂರದಲ್ಲಿ ಒಂದು ಬೋಳುಗುಡ್ಡ. ಮುರಕಲ್ಲಿನ ನೆಲ, ಮಳೆಗಾಲದಲ್ಲಿ ಮಾತ್ರ ಹಸುರಾಗುವ ಹುಲ್ಲು, ಒಂದು ಕೆರೆ. ಮಣ್ಣುಪಳ್ಳವೆಂಬ ಆ ಕೆರೆಯ ಹೆಸರೇ ಮಣಿಪಾಲವಾಯಿತೆಂದು ಊರವರ ಹೇಳಿಕೆ. ಪೈಯವರು ನೆಲೆ ಮಾಡಿಕೊಂಡುದು ಇಲ್ಲಿ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆ ಹುಟ್ಟಿ, ಕಾಲೇಜಿಗೆ ಹೋಗಲಾರದ ಯುವಕರಿಗೆ ಕೈಕಸುಬು ಕಲಿಸಲು ತೊಡಗಿತು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಆರಂಭವಾಯಿತು. ಅಷ್ಟಕ್ಕೇ ನಿಂತಿದ್ದರೂ ಜನ ಅವರನ್ನು ನೆನೆಯುತ್ತಿದ್ದರು. ಆದರೆ ಅವರ ಮನಸ್ಸು ನೆಟ್ಟಿದ್ದುದು ವೈದ್ಯಕೀಯ ಕಾಲೇಜಿನ ಮೇಲೆ.

ಖಾಸಗಿಯವರು ವೈದ್ಯಕೀಯ ಕಾಲೇಜನ್ನು ನಡೆಸುವುದೆಂದರೆ ಆಗ ಹುಚ್ಚುಸಾಹಸ. ಶವಪರೀಕ್ಷೆಯ ಕೊಠಡಿ, ಪ್ರಯೋಗಶಾಲೆ, ನೂರಾರು ಹಾಸಿಗೆಗಳ ಆಸ್ಪತ್ರೆ, ಪಳಗಿದ ಅಧ್ಯಾಪಕರು, ಇವನ್ನೆಲ್ಲ ಸರಕಾರದ ಬೊಕ್ಕಸವಲ್ಲದೆ ಬೇರಾರು ಒದಗಿಸಬಲ್ಲರು? ಮಣಿಪಾಲದ ಗುಡ್ಡದ ಮೇಲೆ ಆಗ ಆಸ್ಪತ್ರೆಯೇ ಇರಲಿಲ್ಲ. ಪೈಯವರು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಶರೀರರಚನೆ, ಶರೀರಕ್ರಿಯೆ ಮೊದಲಾದ ಆರಂಭದ ಪಾಠಗಳು ಮಣಿಪಾಲದಲ್ಲಿ ನಡೆಯಲಿ. ರೋಗಿಗಳ ಬಳಿ ಕಲಿಯುವ ಪಾಠಕ್ಕೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಒದಗಲಿ. ಇರುವ ಆಸ್ಪತ್ರೆಗೆ ಅಧ್ಯಾಪಕರು ದೊರೆಯುವರು, ಇಲ್ಲದ ಕಾಲೇಜಿಗೆ ಆಸ್ಪತ್ರೆ ದೊರೆಯುವುದು. ಹೀಗೆ 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಬಾಗಿಲು ತೆರೆಯಿತು. ಜಿಲ್ಲೆಯು ಮದರಾಸು ರಾಜ್ಯದಲ್ಲಿದ್ದರೂ ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ರಾಜ್ಯಗಳ ಪುನರ್ವಿಂಗಡಣೆಗೆ ಮೂರು ವರ್ಷ ಮೊದಲೇ ಉಡುಪಿಯ ಗುಡ್ಡವೊಂದು ಧಾರವಾಡಕ್ಕೆ ನಂಟು ಬೆಸೆಯಿತೆಂಬುದು ಗಮನಿಸತಕ್ಕ ಸಂಗತಿ.

ಹಣವೆಲ್ಲಿಂದ ಬಂದಿತು? ದಾನಿಗಳಿಂದ ಕೆಲವಷ್ಟು, ಸೀಟು ಬಯಸಿ ಬಂದವರ ಪೋಷಕರಿಂದ ಬಹುಪಾಲು. ಈ ಪದ್ಧತಿಯನ್ನು ಅಂದಿನಿಂದಲೂ ಹಲವರು ಟೀಕಿಸಿದ್ದಾರೆ. ಹಣವಿದ್ದವನಿಗೇ ವಿದ್ಯೆ ಎಂದಾದರೆ ಎರಡಾಣೆ ಕೂಡಿಟ್ಟವನ ಮಗ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಬೇರೆಡೆಗಳಲ್ಲಿ ಈ ದಾರಿಯನ್ನು ಹಿಡಿದವರೆಲ್ಲರೂ ಪೈಯವರಂತೆ ಆಸ್ಪತ್ರೆ ಕಟ್ಟುವ ಕಡೆಗೆ ಹೋಗಲಿಲ್ಲ. ಕರ್ನಾಟಕ ಸರಕಾರವು 1984ರಲ್ಲಿ ಇಂಥ ಕಾಣಿಕೆಯನ್ನು ನಿಷೇಧಿಸುವ ಕಾನೂನನ್ನೇ ಮಾಡಬೇಕಾಯಿತು. 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠವು ಖಾಸಗಿ ವಿದ್ಯಾಸಂಸ್ಥೆಗಳ ಹಕ್ಕುಗಳ ಬಗ್ಗೆ ನೀಡಿದ ತೀರ್ಪು ಟಿ. ಎಂ. ಎ. ಪೈ ಪ್ರತಿಷ್ಠಾನದ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಇತ್ತ, ಸರಕಾರದ ಹಣಕ್ಕಾಗಿ ಕಾಯುತ್ತ ಕುಳಿತಿದ್ದರೆ ಆ ಬೋಳುಗುಡ್ಡದ ಮೇಲೆ ಇನ್ನೆಷ್ಟು ವರ್ಷ ಹುಲ್ಲೇ ಬೆಳೆಯುತ್ತಿದ್ದಿತೋ ಹೇಳುವಂತಿಲ್ಲ. ಎರಡೂ ಮಾತು ನಿಜ.

1961ರಲ್ಲಿ ಮಣಿಪಾಲದಲ್ಲಿಯೇ ಕಸ್ತೂರಬಾ ಆಸ್ಪತ್ರೆ ತಲೆಯೆತ್ತಿತು. ಪೈಯವರು ಚೀಲ ಹಿಡಿದು ತಿರುಗುತ್ತಿದ್ದ ಕಾಲಕ್ಕೂ ಈ ಕಾಲಕ್ಕೂ ನಡುವೆ ಔಷಧಶಾಸ್ತ್ರವೇ ಹೊಸ ಹುಟ್ಟು ಪಡೆದಿದ್ದಿತು. ಆ ಬದಲಾವಣೆಯಲ್ಲಿ ನಮ್ಮ ನೆಲದ ಗಿಡವೊಂದರ ಪಾಲೂ ಇದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರನ್ನು ಉನ್ಮಾದಕ್ಕೂ ನಿದ್ರಾಹೀನತೆಗೂ ನಾಡವೈದ್ಯರು ಬಹುಕಾಲದಿಂದ ಕೊಡುತ್ತಿದ್ದರು. 1931ರಲ್ಲಿ ಸೇನ್ ಮತ್ತು ಬೋಸ್ ಎಂಬ ವೈದ್ಯರು ಅದರ ಗುಣವನ್ನು ಕುರಿತು ಬರೆದರು. ಮುಂಬಯಿಯ ಹೃದ್ರೋಗತಜ್ಞ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಆ ಬೇರು ಏರಿದ ರಕ್ತದೊತ್ತಡವನ್ನು ಇಳಿಸುವುದೆಂದು ತೋರಿಸಿಕೊಟ್ಟರು. ಒತ್ತಡವನ್ನು ಇಳಿಸುವುದರ ಜೊತೆಗೆ ರೋಗಿಯ ಮನಸ್ಸಿನ ತಳಮಳವನ್ನೂ ಅದು ಶಮನ ಮಾಡುತ್ತಿದ್ದಿತು. 1952ರಲ್ಲಿ ಸ್ವಿಟ್ಸರ್ಲೆಂಡಿನ ವಿಜ್ಞಾನಿಗಳು ಅದರ ಸತ್ತ್ವವಾದ ರೆಸರ್ಪಿನನ್ನು ಬೇರ್ಪಡಿಸಿದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂದಿತು. ಕೆಲವರಲ್ಲಿ ಅದು ಮನಸ್ಸನ್ನು ಕುಗ್ಗಿಸುವುದೆಂದು ವೈದ್ಯರು ಮುಂದೆ ಕಂಡರು. ಕೆಲವೇ ವರ್ಷಗಳಲ್ಲಿ, 1960ರಲ್ಲಿ ಕ್ಲೋರ್‌ಡಯಜಿಪಾಕ್ಸೈಡ್, 1963ರಲ್ಲಿ ಡಯಜಿಪಾಮ್ ಎಂಬ ಶಾಮಕ ಗುಳಿಗೆಗಳು ಬಂದು ಹಳೆಯ ಬಾರ್ಬಿಟ್ಯುರೇಟುಗಳನ್ನು ಹಿಂದೆ ತಳ್ಳಿದವು.

ಅದೇ ವರ್ಷಗಳಲ್ಲಿ ಪಶ್ಚಿಮದ ದೇಶಗಳಲ್ಲಿ ಹೃದಯಾಘಾತವಾದವರಿಗಾಗಿಯೇ ಪ್ರತ್ಯೇಕ ಘಟಕಗಳು ಆರಂಭವಾದವು. ಹೃದಯದ ಪ್ರತಿಯೊಂದು ಮಿಡಿತವನ್ನೂ ಯಂತ್ರವು ತೋರಿಸುತ್ತದೆ. ಲಯ ತಪ್ಪಿದೊಡನೆ ಗಂಟೆ ಬಾರಿಸುತ್ತದೆ. ಕ್ರಮೇಣ ಭಾರತದ ದೊಡ್ಡ ಆಸ್ಪತ್ರೆಗಳೂ ಈ ಕ್ರಮವನ್ನು ಅನುಸರಿಸಿದವು. ಇದರಿಂದ ಎಷ್ಟೋ ಜೀವಗಳು ಉಳಿದವು. ಆದರೆ ರಾತ್ರಿಯೆಲ್ಲ ಉರಿಯುವ ದೀಪ, ಕೂಗುವ ಯಂತ್ರ, ಪಕ್ಕದ ಹಾಸಿಗೆಯ ನರಳಾಟ, ಇವುಗಳ ನಡುವೆ ರೋಗಿಗೆ ನಿದ್ದೆ ಎಲ್ಲಿಯದು? ಒಂದು ಕಾಲಕ್ಕೆ ಅಲ್ಲಿ ಮಲಗಿದವರಿಗೆಲ್ಲ ಶಾಮಕ ಗುಳಿಗೆಯನ್ನು ನೀಡುವುದು ರೂಢಿಯಾಗಿದ್ದಿತು. ವಯಸ್ಸಾದವರು ಅದರಿಂದ ಮತಿಗೆಟ್ಟು ಬಡಬಡಿಸುವುದೂ, ರಾತ್ರಿ ಎದ್ದು ಮುಗ್ಗರಿಸಿ ಬೀಳುವುದೂ, ಉಸಿರು ಮಂದವಾಗುವುದೂ ಕಂಡಮೇಲೆ ವೈದ್ಯರು ಎಚ್ಚರಗೊಂಡರು. ನಿದ್ದೆ ಬಾರದವನಿಗೆ ಗುಳಿಗೆ ಕೊಡುವ ಮೊದಲು ನಿದ್ದೆ ಏಕೆ ಬಾರದೆಂದು ಕೇಳಬೇಕೆನ್ನುವುದು ಇಂದಿನ ಕ್ರಮ. ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತಿರಬಹುದು, ತಲೆದಿಂಬನ್ನು ಎತ್ತರಿಸಬೇಕು. ಮೂತ್ರ ಹೆಚ್ಚಿಸುವ ಮದ್ದನ್ನು ಸಂಜೆ ಕೊಟ್ಟದ್ದರಿಂದ ಪದೇ ಪದೇ ಏಳುತ್ತಿರಬಹುದು. ಅದನ್ನು ಬೆಳಿಗ್ಗೆ ಕೊಡಬೇಕು. ಎದೆಯ ನೋವು ಮರಳಿರಬಹುದು. ಅದನ್ನು ನಿದ್ದೆಯ ಗುಳಿಗೆಯಿಂದ ಮುಚ್ಚುವುದು ಅಪಾಯ. ಸಾಮಾನ್ಯ ನೋವುಗುಳಿಗೆಗಳಲ್ಲಿ ಹಲವು ರಕ್ತನಾಳ ಕಟ್ಟಿದ ಹೃದಯಕ್ಕೆ ಹಿತವಲ್ಲವೆಂಬುದೂ ಈಗ ತಿಳಿದಿದೆ. ಮಾರ್ಫೀನ್ ಇಂದಿಗೂ ಇದೆ. ಬೀಗ ಹಾಕಿದ ಕಪಾಟಿನಲ್ಲಿ, ಲೆಕ್ಕದ ಪುಸ್ತಕದ ಕಾವಲಿನಲ್ಲಿ. ಬೇರೆ ಮದ್ದಿಗೆ ಬಗ್ಗದ ನೋವಿಗೆ ಮಾತ್ರ ಅಳೆದು ಕೊಡುತ್ತಾರೆ. ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು ಕೈ ಹಿಡಿದರೆ ಅರ್ಧ ಅಂಜಿಕೆ ಇಳಿಯುತ್ತದೆಂಬುದನ್ನು ಹಳೆಯ ಡಾಕ್ಟರರೂ ಬಲ್ಲವರಾಗಿದ್ದರು.

ಮದ್ದು ಕೊಡುವ ಕೈಯಷ್ಟೇ ಮದ್ದು ತಯಾರಿಸುವ ಕೈಯೂ ಶಿಕ್ಷಣ ಪಡೆದಿರಬೇಕೆಂಬುದು ಪೈಯವರಿಗೆ ಗೊತ್ತಿದ್ದಿತು. 1963ರಲ್ಲಿ ಮಣಿಪಾಲದಲ್ಲಿ ಔಷಧವಿಜ್ಞಾನದ ಶಿಕ್ಷಣ ಆರಂಭವಾಯಿತು; 1965ರಲ್ಲಿ ದಂತವೈದ್ಯಕೀಯ ಕಾಲೇಜು ಬಂದಿತು. ಇಂಜಿನಿಯರಿಂಗ್ ಕಾಲೇಜು ಅದಕ್ಕೂ ಮೊದಲೇ, 1957ರಲ್ಲಿ ಆರಂಭವಾಗಿದ್ದಿತು. ಇವುಗಳ ಪಟ್ಟಿಯನ್ನು ಬೆಳೆಸುತ್ತ ಹೋದರೆ ಅದೇ ಒಂದು ಪುಸ್ತಕವಾದೀತು.

ಉಪೇಂದ್ರ ಪೈಯವರ ಮಗ ಟಿ. ಎ. ಪೈ ಬ್ಯಾಂಕನ್ನು ಮುನ್ನಡೆಸಿ ಮುಂದೆ ಕೇಂದ್ರ ಸಚಿವರಾದರು. 1960ರ ದಶಕದಲ್ಲಿ ಬ್ಯಾಂಕು ಸಿಂಡಿಕೇಟ್ ಬ್ಯಾಂಕೆಂಬ ಚಿಕ್ಕ ಹೆಸರನ್ನು ತಳೆಯಿತು. 1969ರ ಜುಲೈ 19ರಂದು ಬೇರೆ ಹದಿಮೂರು ಬ್ಯಾಂಕುಗಳೊಡನೆ ರಾಷ್ಟ್ರೀಕರಣಗೊಂಡಿತು. ತಾವು ಎರಡಾಣೆ ಎರಡಾಣೆಯಾಗಿ ಬೆಳೆಸಿದ ಸಂಸ್ಥೆ ಕೈಬಿಟ್ಟು ಹೋದಾಗ ಪೈಯವರಿಗೆ ಎಪ್ಪತ್ತೊಂದು ವರ್ಷ. ಅವರಿಗೆ ಕಾಲೇಜುಗಳಿದ್ದವು, ಆಸ್ಪತ್ರೆಯಿದ್ದಿತು, ಕೈಯಲ್ಲಿ ಕೆಲಸವಿದ್ದಿತು. 1972ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. 1979ರ ಮೇ 29ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮಣಿಪಾಲದ ವಿದ್ಯಾಸಂಸ್ಥೆಗಳಿಗೆ 1993ರಲ್ಲಿ ವಿಶ್ವವಿದ್ಯಾಲಯದ ಸ್ಥಾನಮಾನ ದೊರೆಯಿತು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, ಆ ಹೆಸರು ಫಲಕಗಳಿಂದ ಇಳಿಯಿತು. ಸುವರ್ಣೆಗೆ ಬಹಳ ಹಿಂದೆಯೇ ಸೇತುವೆಯಾಗಿದೆ. ಕಲ್ಯಾಣಪುರದಲ್ಲಿ ನಡುರಾತ್ರಿ ಯಾರಿಗಾದರೂ ಎದೆನೋವು ಕಾಣಿಸಿಕೊಂಡರೆ ಈಗ ಕಡವಿನಲ್ಲಿ ದೋಣಿಗಾಗಿ ಕಾಯಬೇಕಾಗಿಲ್ಲ, ಮಂಗಳೂರಿಗೂ ಹೋಗಬೇಕಾಗಿಲ್ಲ. ಮಣಿಪಾಲದ ಆಸ್ಪತ್ರೆಯ ಬಾಗಿಲು ಅಲ್ಲಿಂದ ಹತ್ತು ಕಿಲೋಮೀಟರಿನೊಳಗಿದೆ.